ಮಾವನಿಗೆ ಕೇಳದ ಹಾರ್ನ್

ಆ ಭಾನುವಾರ ಬೆಳಿಗ್ಗೆ ನಾವು ದೇಸೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಮಾವ ಮುಂದೆ, ನಾನು ಮೂವತ್ತು ಮಾರು ಹಿಂದೆ. ಮಳೆಗಾಲದಲ್ಲಿ ಡಾಂಬರಿನ ಅಂಚು ಕಿತ್ತುಹೋಗಿ, ರಸ್ತೆಗೂ ಪಕ್ಕದ ಮಣ್ಣಿಗೂ ನಡುವೆ ಗೇಣಿನಷ್ಟು ತಗ್ಗು ಬಿದ್ದಿತ್ತು. ಆ ಅಂಚನ್ನು ತಪ್ಪಿಸಲೆಂದು ಮಾವ ರಸ್ತೆಯ ಒಳಕ್ಕೆ ಸರಿದು ಸೈಕಲ್ ಹೊಡೆಯುತ್ತಿದ್ದರು. ಹಿಂದಿನಿಂದ ಲಾರಿಯ ಹಾರ್ನ್ ಕೇಳಿ ನಾನು ಮಣ್ಣಿಗೆ ಇಳಿದೆ. ಲಾರಿ ನನ್ನನ್ನು ದಾಟಿ ಮಾವನ ಬೆನ್ನ ಹಿಂದೆ ಮತ್ತೆ ಹಾರ್ನ್ ಹೊಡೆಯಿತು. ಮಾವ ಸರಿಯಲಿಲ್ಲ.

ಎದುರಿನಿಂದ ಬಸ್ಸು ಬರುತ್ತಿತ್ತು. ಲಾರಿಗೆ ಆ ಕಡೆಯೂ ಜಾಗವಿಲ್ಲ, ಈ ಕಡೆಯೂ ಇಲ್ಲ. ಡ್ರೈವರ್ ಹಾರ್ನಿನ ಮೇಲಿನ ಕೈ ತೆಗೆಯಲೇ ಇಲ್ಲ. ನಾನು "ಮಾವಾರ! ಬಾಜು ಸರೀರಿ!" ಎಂದು ಚೀರಿದೆ. ಮಾವ ಅದೇ ನಿಧಾನಗತಿಯಲ್ಲಿ, ಎಡಗಡೆಯ ಭತ್ತದ ಗದ್ದೆಯನ್ನು ನೋಡುತ್ತ ಪೆಡಲ್ ತುಳಿಯುತ್ತಿದ್ದರು. ಲಾರಿಯ ಬ್ರೇಕು ಕಿರುಚಿತು, ಹಿಂದಿನ ಗಾಲಿಗಳು ಜಾರಿದವು. ಬಸ್ಸು ದಾಟಿಹೋದ ಮೇಲೆ ಲಾರಿ ಮಾವನ ಪಕ್ಕಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೈದ:

"ಏ ಮುದಕಾ, ಕಿವಿ ಸತ್ತಾವೇನು? ಸಾಯಾಕ ನನ್ನ ಗಾಡೀನ ಬೇಕಾತೇನು?"

ಮಾವ ಅವನ ಮುಖ ನೋಡಿ ನಕ್ಕರು. ಗುರುತಿನವರಿಗೆ ನಮಸ್ಕಾರ ಮಾಡುವಂತೆ ಒಂದು ಕೈ ಎತ್ತಿದರು. ಲಾರಿ ಹೊಗೆ ಬಿಟ್ಟು ಹೋಯಿತು.

ಲಾರಿಗಿಂತ ಆ ನಗುವಿಗೇ ನಾನು ಹೆಚ್ಚು ಹೆದರಿದೆ.

ಇಸವಿ ಎರಡು ಸಾವಿರದ ಆಚೀಚೆಯ ಮಾತಿದು. ನಾನು ಮದುವೆಯಾಗಿ ಬೆಳಗಾವಿಯ ಸದಾಶಿವನಗರಕ್ಕೆ ಬಂದು ಎರಡು ವರ್ಷವಾಗಿತ್ತು. ನನ್ನ ತವರು ಖಾನಾಪುರ ತಾಲ್ಲೂಕಿನ ಬೀಡಿ. ಅಲ್ಲಿ ಹೈಸ್ಕೂಲಿಗೆ ಹೋಗುವಾಗಿಂದ ಸೈಕಲ್ ನನ್ನ ಜೊತೆಗಿತ್ತು. ಗಂಡನ ಮನೆಗೆ ಬಂದ ಮೇಲೆ ಅದರ ಮಾತೇ ಇರಲಿಲ್ಲ. ಮಾವನ ಕರಿ ಸೈಕಲ್ ಮಾತ್ರ ಹಿತ್ತಲಲ್ಲಿ ನಿಂತಿರುತ್ತಿತ್ತು. ಮಾವ ಮೊದಲು ಊರೊಳಗಿನ ಕಾರ್ಖಾನೆಯಲ್ಲಿ, ಆಮೇಲೆ ಆಟೋ ನಗರದಲ್ಲಿ, ಕಾದ ಕಬ್ಬಿಣ ಬಡಿಯುವ ದೊಡ್ಡ ಹ್ಯಾಮರ್ ಯಂತ್ರದ ಮುಂದೆ ಇಡೀ ಆಯುಷ್ಯ ನಿಂತವರು. ನಿವೃತ್ತರಾದ ಮೇಲೆ ಮನೆಯಲ್ಲಿ ಅವರಿಗೆ ಕಾಲು ನಿಲ್ಲುತ್ತಿರಲಿಲ್ಲ. ಒಂದು ದಿನ ನಾನು ಅವರ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿರುವುದನ್ನು ನೋಡಿ ಕೇಳಿದರು:

"ಹೊಡಿಯಾಕ ಬರ್ತೈತೇನವಾ ನಿನಗ?"

"ಬರ್ತೈತ್ರಿ ಮಾವಾರ."

"ಹಂಗಾರ ಐತ್ವಾರ ಹೋಗೂಣು ನಡಿ."

ಮುಂದಿನ ತಿಂಗಳೇ ತವರಿನಿಂದ ನನ್ನ ಸೈಕಲ್ ಬಸ್ಸಿನ ಮೇಲೆ ಕೂತು ಬಂತು. ಅಕ್ಕಪಕ್ಕದವರು ಒಂದೆರಡು ವಾರ ಕಾಂಪೌಂಡಿನ ಆಚೆಯಿಂದ ನೋಡಿದರು, ಆಮೇಲೆ ಬಿಟ್ಟರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಎಲ್ಲಿಗೆ ಹೋಗ್ತೀರಿ?" ಮಾವ "ಕ್ಯಾಂಪ್ ಕಡೆ" ಎಂದರು. ಅದು ಆಗ ನಿಜವೇ ಆಗಿತ್ತು. ಮಿಲಿಟರಿಯವರ ಕ್ಯಾಂಪಿನ ರಸ್ತೆಗಳಲ್ಲಿ ದೊಡ್ಡ ಮರಗಳ ನೆರಳು, ಬೆಳಿಗ್ಗೆ ಗಾಡಿಗಳೇ ಇಲ್ಲ. ಆದರೆ ಮಾವನಿಗೆ ಅದು ಸಾಲಲಿಲ್ಲ. ಪೀರನವಾಡಿಗೆ ಹೋದೆವು, ಮಚ್ಛೆಗೆ ಹೋದೆವು, ಕೊನೆಗೆ ಖಾನಾಪುರ ಮುಟ್ಟಿ ಬರತೊಡಗಿದೆವು. ಅದು ಗೋವಾದ ಲಾರಿಗಳೆಲ್ಲ ಓಡಾಡುವ ರಸ್ತೆ. ಮನೆಯಲ್ಲಿ ಮಾತ್ರ "ಕ್ಯಾಂಪ್ ಕಡೆ" ಎಂಬುದು ಹಾಗೇ ಉಳಿಯಿತು. ನಾನೂ ತಿದ್ದಲಿಲ್ಲ.

ಲಾರಿಯ ಆ ದಿನ ನಾವು ಖಾನಾಪುರದ ಹೊಳೆಯ ಸೇತುವೆಯ ತನಕ ನಿಲ್ಲದೆ ಬಂದೆವು. ಮಾವ ಮುಖ ತೊಳೆಯಲು ಮಲಪ್ರಭೆಯ ದಡಕ್ಕೆ ಇಳಿದರು. ನಾನು ಸೈಕಲ್ ತಳ್ಳಿಕೊಂಡು ಅವರ ಹಿಂದೆಯೇ ಇಳಿದು, ಹತ್ತು ಹೆಜ್ಜೆ ದೂರ ನಿಂತು ಬೆಲ್ ಬಾರಿಸಿದೆ. ಆಚೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಮಾವ ನೋಡಲಿಲ್ಲ. ಮತ್ತೆ ಬಾರಿಸಿದೆ. ಆ ಹೆಂಗಸು ನನ್ನನ್ನೇ ನೋಡುತ್ತಿರುವುದು ಮಾವನ ಕಣ್ಣಿಗೆ ಬಿತ್ತು. ತಿರುಗಿದರು. ನನ್ನ ಹೆಬ್ಬೆರಳು ಇನ್ನೂ ಬೆಲ್ಲಿನ ಮೇಲೇ ಇತ್ತು.

ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೇಲೆ ಬಂದು ಕಲ್ಲಿನ ಮೇಲೆ ಕುಳಿತರು.

"ಬಲಗಿವಿ ಪೂರ್ತಿ ಹೋಗೈತಿ," ಎಂದರು. "ಎಡದ್ದು, ಎದುರು ನಿಂತು ಮಾತಾಡಿದ್ರ ಅಷ್ಟ. ತುಟಿ ನೋಡಿ ತಿಳ್ಕೋತೇನಿ."

"ಎಷ್ಟ ದಿನಾ ಆತ್ರಿ?"

"ಹ್ಯಾಮರ್ ಬಿಡೂಕಿಂತ ಮೊದಲಿಂದನ. ಬರಬರ್ತ ಜಾಸ್ತಿ ಆಗೈತಿ."

"ಮಾವಾರ, ಇವತ್ತ ನೀವು..." ನನ್ನ ತುಟಿಯನ್ನೇ ನೋಡುತ್ತಿದ್ದ ಅವರು ಅಲ್ಲಿಗೇ ತಡೆದರು.

"ಮನ್ಯಾಗ ಹೇಳಬ್ಯಾಡ ಯವ್ವಾ. ಹೇಳಿದ್ರ ಸೈಕಲ್ ಮುಟ್ಟಾಕ ಬಿಡೂದಿಲ್ಲ ಅವರು. ಇದೊಂದ ಉಳದೈತಿ ನನಗ."

ಜೀವನವಿಡೀ ಯಾರ ಹತ್ತಿರವೂ ಏನೂ ಕೇಳದ ಮನುಷ್ಯ ಅವರು. ನಾನು ಆಗಲಿ ಎಂದೆ. ಹಾಗೆ ಹೇಳಬಾರದಿತ್ತು ಎಂದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಆದರೂ ಹೇಳಿದೆ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅವರ ಸೈಕಲ್ ನಿಂತರೆ ನನ್ನದೂ ನಿಲ್ಲುತ್ತಿತ್ತು.

ಅಲ್ಲೇ ಕುಳಿತು ಒಂದು ಉಪಾಯ ಮಾಡಿದೆವು. ಇನ್ನು ಮೇಲೆ ನಾನು ಮುಂದೆ, ಮಾವ ಹಿಂದೆ. ಹಿಂದಿನಿಂದ ಗಾಡಿ ಬರುವ ಸದ್ದು ಕೇಳಿದೊಡನೆ ನಾನು ಎಡಗೈ ಎತ್ತಿ ಮಣ್ಣಿಗೆ ಇಳಿಯುವುದು, ನನ್ನನ್ನು ನೋಡಿ ಅವರೂ ಇಳಿಯುವುದು. ಮನೆಗೆ ಮರಳುವಷ್ಟರಲ್ಲಿ ಅದು ಸರಿಯಾಗಿ ಕೂತಿತು. ಮಾವ ಖುಷಿಯಾಗಿದ್ದರು. "ಹೊಸಾ ಕಿವಿ ಬಂದ್ವು ನನಗ" ಎಂದರು.

ಅಂದಿನಿಂದ ನನ್ನ ಭಾನುವಾರಗಳು ಬೇರೆಯೇ ಆದವು. ಮೊದಲು ನಾನು ಗದ್ದೆ ನೋಡುತ್ತಿದ್ದೆ, ದೂರದ ರೈಲು ನೋಡುತ್ತಿದ್ದೆ. ಈಗ ಮನೆಯಿಂದ ಹೊರಟು ಮನೆಗೆ ಮುಟ್ಟುವ ತನಕ ಬರೀ ಕೇಳುವುದು. ಯಾವುದು ಲಾರಿ, ಯಾವುದು ಬಸ್ಸು, ಯಾವುದು ದೂರದ್ದು, ಯಾವುದು ಈಗಲೇ ಬೆನ್ನ ಮೇಲೆ ಬಂದದ್ದು. ಗಾಳಿ ಎದುರಿನಿಂದ ಬೀಸಿದರೆ ಹಿಂದಿನ ಸದ್ದು ಸತ್ತುಹೋಗುತ್ತಿತ್ತು. ಅಂಥ ದಿನ ನಾನು ತಿರುತಿರುಗಿ ನೋಡುತ್ತಿದ್ದೆ, ತಿರುಗಿದಾಗಲೆಲ್ಲ ನನ್ನ ಸೈಕಲ್ ಬಲಕ್ಕೆ ಎಳೆಯುತ್ತಿತ್ತು. ಬೇರೆ ಸವಾರರ ವಿಷಯವೂ ಆಗ ಕಿವಿಗೆ ಬೀಳತೊಡಗಿತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದವನೊಬ್ಬ ಮಚ್ಛೆಯ ಹತ್ತಿರ ಬಿದ್ದ ಎಂದು ಚಹಾದಂಗಡಿಯಲ್ಲಿ ಹೇಳಿದರು. ಮಾವ ನನ್ನ ಮುಖ ನೋಡಿ "ಏನಂತಾರ?" ಎಂದು ಕೇಳಿದರು. ನಾನು "ಏನಿಲ್ರಿ" ಎಂದೆ. ಶನಿವಾರ ಸಂಜೆ ನಾನು ಮಳೆಯಾದರೂ ಬಂದೀತೇ ಎಂದು ಮುಗಿಲು ನೋಡುತ್ತಿದ್ದೆ. ಮಾವ ಮಾತ್ರ ಸಂಜೆಯೇ ಎರಡೂ ಸೈಕಲ್ಲಿಗೆ ಗಾಳಿ ತುಂಬಿಸಿ ಇಡುತ್ತಿದ್ದರು.

ಕಬ್ಬು ಕಡಿಯುವ ದಿನಗಳಲ್ಲಿ ಮಾವ ಹೇಳಿದರು, "ನಿಮ್ಮೂರಿಗೆ ಹೋಗೂಣೇನು? ಸೈಕಲ್ ಮ್ಯಾಲೆ ಸೊಸಿನ್ನ ತವರಮನಿಗೆ ಕರಕೊಂಡು ಹೋದ ಮಾವ ಯಾರದಾರ ಹೇಳು?" ಬೇಡವೆನ್ನಲು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನಗೂ ಹೋಗಬೇಕೆನಿಸಿತ್ತು.

ನಸುಕಿನಲ್ಲೇ ಹೊರಟೆವು. ಖಾನಾಪುರದ ತನಕ ಏನೂ ಆಗಲಿಲ್ಲ. ಅಲ್ಲಿಂದ ನಂದಗಡದ ಹಾದಿ ಹಿಡಿದೆವು. ಗಾಡಿಗಳು ಕಡಿಮೆಯಾದವು, ಎರಡೂ ಕಡೆ ಸಾಗವಾನಿ ಮರಗಳು ಬಂದವು, ನನ್ನ ಭುಜ ಸ್ವಲ್ಪ ಸಡಿಲಾಯಿತು. ನಂದಗಡ ದಾಟಿದ ಮೇಲೆ ನಮ್ಮ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಸಿಕ್ಕಿತು. ಅದರಲ್ಲಿ ಹಾಡು ಜೋರಾಗಿ ಹಾಕಿದ್ದರು. ಏರಿನಲ್ಲಿ ಅದು ನಮ್ಮಷ್ಟೇ ನಿಧಾನವಾಗಿ ಹೋಗುತ್ತಿತ್ತು. ಅದರ ಹಿಂದೆ ಬರುತ್ತಿದ್ದ ನನಗೆ ಇಂಜಿನ್ನಿನ ಗುಡುಗು, ಹಾಡಿನ ಅಬ್ಬರ, ಬೇರೇನೂ ಇಲ್ಲ. ನಿಂತುಬಿಡೋಣ, ಟ್ರ್ಯಾಕ್ಟರ್ ಮುಂದೆ ಹೋಗಲಿ ಎಂದುಕೊಂಡೆ. ಆದರೆ ನಿಲ್ಲಬೇಕೆಂದರೆ ಮೊದಲು ಮಾವನಿಗೆ ಸನ್ನೆ ಮಾಡಬೇಕು. ಕೈ ಎತ್ತಲು ಹೊರಟೆ.

ನನಗೆ ಹಾರ್ನ್ ಕೇಳಲಿಲ್ಲ. ಕೇಳಿದ್ದು ತಗಡಿಗೆ ತಗಡು ಬಡಿದ ಸದ್ದು, ಆಮೇಲೆ ಕಂಡದ್ದು ನನ್ನ ಬಲಗಡೆಯಿಂದ ಜೀಪೊಂದು ಓಲಾಡುತ್ತ ದಾಟಿ ನಿಂತದ್ದು.

ತಿರುಗಿ ನೋಡಿದರೆ ರಸ್ತೆಯಲ್ಲಿ ಮಾವ ಇರಲಿಲ್ಲ. ಸೈಕಲ್ಲೂ ಇರಲಿಲ್ಲ. ನನ್ನ ಸೈಕಲ್ಲನ್ನು ಅಲ್ಲೇ ಬಿಸಾಕಿ ಓಡಿದೆ. ಚರಂಡಿಯ ಒಣ ಹುಲ್ಲಿನ ಮೇಲೆ ಮಾವ ಒಂದು ಮಗ್ಗುಲಾಗಿ ಬಿದ್ದಿದ್ದರು, ಸೈಕಲ್ಲಿನ ಹಿಂದಿನ ಗಾಲಿ ಅವರ ಕಾಲ ಮೇಲಿತ್ತು. ಕಣ್ಣು ತೆರೆದಿದ್ದವು. ನನ್ನನ್ನು ನೋಡಿ "ನಿನಗೇನೂ ಆಗಿಲ್ಲಲಾ?" ಎಂದರು. ಬಲಗೈ ಎತ್ತಲು ಹೋಗಿ ಅವರ ಮುಖ ಬೂದಿಯಂತಾಯಿತು.

ಜೀಪಿನ ಡ್ರೈವರ್ ಓಡಿ ಬಂದ. ಖಾನಾಪುರದ ಕಡೆಯವನಿರಬೇಕು, ಮರಾಠಿಯಲ್ಲಿ ತಾನು ನಾಲ್ಕು ಸಲ ಹಾರ್ನ್ ಹೊಡೆದೆನೆಂದು ಹೇಳುತ್ತಲೇ ಇದ್ದ. "ಆಜೋಬಾಂನಾ ಐಕೂ ಯೇತ ನಾಹೀ ಕಾ, ಬಾಈ?" ಅಜ್ಜನಿಗೆ ಕೇಳಿಸುವುದಿಲ್ಲವೇ ಎಂದು.

"ಕೇಳಸೂದಿಲ್ರಿ," ಎಂದೆ. "ಏನೂ ಕೇಳಸೂದಿಲ್ಲ."

ಅಷ್ಟು ತಿಂಗಳು ಬಾಯೊಳಗೆ ಇಟ್ಟುಕೊಂಡಿದ್ದನ್ನು ಗುರುತಿಲ್ಲದವನ ಮುಂದೆ, ರಸ್ತೆಯ ನಡುವೆ ಹೇಳಿದೆ.

ಅವನೇ ಜೀಪಿನಲ್ಲಿ ನಮ್ಮನ್ನು ಬೀಡಿಯ ದವಾಖಾನೆಗೆ ಮುಟ್ಟಿಸಿದ. ಕೊರಳ ಕೆಳಗಿನ ಎಲುಬು ಮುರಿದಿತ್ತು, ಮೊಣಕಾಲಿನ ಚರ್ಮ ಕಿತ್ತಿತ್ತು. ತಲೆಗೆ ಪೆಟ್ಟಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ ಮೇಲೆ ನಾನು ಬೆಂಚಿನ ಮೇಲೆ ಕುಳಿತೆ. ಸುದ್ದಿ ತಿಳಿದು ನನ್ನ ಅಣ್ಣ ಓಡಿ ಬಂದ. ಅವನನ್ನು ಮಾವನ ಹತ್ತಿರ ಕೂರಿಸಿ ಫೋನ್ ಬೂತಿಗೆ ಹೋದೆ. ಗಂಡ ಮನೆಯಲ್ಲಿರಲಿಲ್ಲ. ಅತ್ತೆ ಫೋನ್ ಎತ್ತಿದರು.

"ಮಾವಾರು ಸೈಕಲ್ ಮ್ಯಾಲಿಂದ ಬಿದ್ದಾರ್ರಿ ಅತ್ತಿ. ಜೀವಕ್ಕೇನೂ ಇಲ್ಲ, ಕೈ ಬಾಜು ಎಲುಬು..."

"ಎಲ್ಲಿ ಬಿದ್ರು? ಕ್ಯಾಂಪಿನ್ಯಾಗೇನು?"

ಬೂತಿನ ಗಾಜಿನಾಚೆ ಜನ ಸಂತೆಗೆ ಹೊರಟವರಂತೆ ನಿಶ್ಚಿಂತೆಯಿಂದ ನಡೆಯುತ್ತಿದ್ದರು. "ಇಲ್ರಿ," ಎಂದೆ. "ಬೀಡಿ ಹಾದಿ ಮ್ಯಾಲೆ. ನಾವು ಕ್ಯಾಂಪಿಗೆ ಹೋಗೂದ ಬಿಟ್ಟು ಭಾಳ ದಿನಾ ಆತ್ರಿ."

ಆ ಕಡೆ ಫೋನ್ ಇಟ್ಟ ಸದ್ದು.

ಮೂರನೆಯ ದಿನ ಮಾವನನ್ನು ಮನೆಗೆ ಕರೆತಂದೆವು. ಗಂಡ ಒಂದು ಮಾತು ಬೈದು, ರಾತ್ರಿ ತಾನೇ ಸಮಾಧಾನ ಮಾಡಿದ. ಅತ್ತೆ ಬೈಯಲಿಲ್ಲ. ಎರಡು ದಿನ ಕಳೆದು, ಮಾವ ಮಲಗಿದ್ದಾಗ, ಅಡುಗೆಮನೆಯಲ್ಲಿ ನಾನೇ ಎಲ್ಲ ಹೇಳಿದೆ. ಕಿವಿಯದು, ಹೊಳೆಯ ದಡದ್ದು, ಕೊಟ್ಟ ಮಾತಿನದು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ಅವರಿಗೆ ಕೇಳಸೂದಿಲ್ಲಂತ ನನಗ ಗೊತ್ತಿಲ್ಲೇನ?" ಎಂದರು ಅತ್ತೆ. "ಒಂದ ಮನ್ಯಾಗ ಇಷ್ಟ ವರ್ಷ ಇದ್ದಾಕಿ ನಾನು. ಗಿಡದ ನೆಳ್ಳಾಗ ತಿರಗ್ಯಾಡಿ ಬರ್ತಾರ, ಸೊಸಿ ಜೋಡಿ ಇರ್ತಾಳ ಅಂತ ಸುಮ್ಮನಿದ್ದೆ. ಲಾರಿ ಹಾದಿಗೆ ಹೋಗ್ತಾರಂತ ನನಗ ಗೊತ್ತಿರಲಿಲ್ಲ. ನಿನಗ ಎರಡೂ ಗೊತ್ತಿತ್ತು."

ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದರು.

ಒಂದೂವರೆ ತಿಂಗಳು ಅತ್ತೆ ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಮಾವನಿಗೆ ಕಿವಿಯ ಡಾಕ್ಟರರ ಹತ್ತಿರ ಯಂತ್ರ ಹಾಕಿಸಿದೆವು. ಮನೆಯಲ್ಲಿ ಅದು ಉಪಯೋಗಕ್ಕೆ ಬಂತು. ಬೀದಿಗೆ ಹೋದರೆ ಗಾಳಿಯೆಲ್ಲ ತಲೆಯೊಳಗೆ ಹೊಕ್ಕಂತೆ ಆಗುತ್ತದೆಂದು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎಲುಬು ಕೂಡಿತು, ಎರಡೂ ಸೈಕಲ್ಲುಗಳು ರಿಪೇರಿಯಾಗಿ ಬೀಡಿಯಿಂದ ಹಿತ್ತಲಿಗೆ ಬಂದವು. ಆದರೆ ಅವರು ಸೈಕಲ್ ಕೇಳಲಿಲ್ಲ. ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟರು. ದಿನವಿಡೀ ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದರು, ಊಟಕ್ಕೆ ಕರೆದರೆ ಬಂದು ಉಣ್ಣುತ್ತಿದ್ದರು. ಅದನ್ನು ನೋಡಲಾಗದೆ ಮೊದಲು ಸೋತವರು ಅತ್ತೆ.

"ಗಾಡಿ ಬರದ ಹಾದಿ ಎಲ್ಲೆರ ಐತೇನು?" ಎಂದು ಒಂದು ದಿನ ನನ್ನನ್ನೇ ಕೇಳಿದರು.

ನಮ್ಮ ಊರಿನ ಹೊಲಗಳ ನಡುವೆ ಕಾಡಿನ ಅಂಚಿನ ತನಕ ಹೋಗುವ ಎತ್ತಿನ ಚಕ್ಕಡಿಯ ದಾರಿಯೊಂದಿತ್ತು. ಹೇಳಿದೆ. ಅತ್ತೆ ನನ್ನ ಮಾತು ನಂಬಲಿಲ್ಲ. ಬೇಸಿಗೆಯ ಶುರುವಿನಲ್ಲಿ ನನ್ನೊಡನೆ ಬಸ್ಸು ಹತ್ತಿ ಬೀಡಿಗೆ ಬಂದು, ತಲೆಯ ಮೇಲೆ ಸೆರಗು ಹೊದ್ದು, ಆ ದಾರಿಯನ್ನು ಈ ತುದಿಯಿಂದ ಆ ತುದಿಯ ತನಕ ನಡೆದರು. ತಿರುವು ಬಂದಲ್ಲೆಲ್ಲ ನಿಂತು ಆಚೆ ಈಚೆ ನೋಡಿದರು. ಕುರಿ ಕಾಯುತ್ತಿದ್ದ ಮುದುಕರೊಬ್ಬರು ಸಿಕ್ಕಾಗ ಕೇಳಿದರು:

"ಇಲ್ಲಿ ಟ್ರ್ಯಾಕ್ಟರ್ ಬರ್ತಾವೇನ್ರಿ?"

"ಕಬ್ಬು ಮುಗದ ಮ್ಯಾಲೆ ಯಾವೂ ಬರಂಗಿಲ್ಲವಾ. ನಮ್ಮ ಕುರಿ ಅಷ್ಟ."

"ಕುರಿ ಅಡ್ಡ ಬಂದ್ರ?"

ಮುದುಕರು ನಕ್ಕರು. "ಕುರಿ ತಾವ ಸರೀತಾವ."

ಮುಂದಿನ ಭಾನುವಾರ ಎರಡು ಸೈಕಲ್ ಬಸ್ಸಿನ ಮೇಲೆ ಹೇರಿ ಮೂವರೂ ಬಂದೆವು. ಮಾವ ಹತ್ತುವ ಮೊದಲು ಹ್ಯಾಂಡಲ್ ಹಿಡಿದು ಬಹಳ ಹೊತ್ತು ನಿಂತರು. ಹತ್ತಿದ ಮೇಲೂ ಹತ್ತು ಮಾರಿಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಪ್ರತಿ ಸಲವೂ ಸೈಕಲ್ ಓಲಾಡುತ್ತಿತ್ತು. ಹಿಂದೆ ನಾನಿದ್ದೆ, ಇನ್ನೂ ಹಿಂದೆ ಹೊಲದ ಬದುವಿನ ಮೇಲೆ ಅತ್ತೆ. ಬೇರೆ ಏನೂ ಇರಲಿಲ್ಲ. ಆದರೂ ಅವರ ಕೊರಳು ಬೆವರಿನಿಂದ ತೊಯ್ದಿತ್ತು. ಅರ್ಧ ದಾರಿಗೆ ಇಳಿದು, "ಸಾಕವಾ ಇವತ್ತಿಗೆ" ಎಂದರು. ಇಬ್ಬರೂ ಸೈಕಲ್ ತಳ್ಳಿಕೊಂಡು ಮರಳಿದೆವು.

ಅದರ ಮುಂದಿನ ವಾರ ಇನ್ನಷ್ಟು ದೂರ. ನಾಲ್ಕನೆಯ ಭಾನುವಾರ, ಕಾಡಿನ ಅಂಚು ಕಾಣುವ ಇಳಿಜಾರಿನಲ್ಲಿ, ಅವರು ತಿರುಗಿ ನೋಡುವುದನ್ನು ಮರೆತರು. ನಾನು ಹಿಂದಿನಿಂದ ಎಣಿಸುತ್ತಿದ್ದೆ, ಹತ್ತು ಮಾರು, ಇಪ್ಪತ್ತು, ಐವತ್ತು. ಅವರ ಅಂಗಿ ಗಾಳಿಗೆ ಉಬ್ಬಿತ್ತು. ಕೆಳಗೆ ಮುಟ್ಟಿ ಕಾಲೂರಿ ನಿಂತು, ಉಸಿರು ಬಿಡುತ್ತ, ನಾನು ಬರುವುದನ್ನು ಕಾಯುತ್ತಿದ್ದರು.

"ಯಾಕವಾ, ಇಷ್ಟ ಹಿಂದ ಉಳದೀ?" ಎಂದು ಕೇಳಿದರು.