ಅರ್ಧ ಮುಖದ ಹೀರೋ

ಹೋದ ತಿಂಗಳು ಹರಿಹರದಲ್ಲಿ ನೂರೈವತ್ತು ಜನರ ನಡುವೆ, ತೊಡೆಯ ಮೇಲೆ ಮೈಕ್ ಇಟ್ಟುಕೊಂಡು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವರು ನನ್ನನ್ನು ಕರೆಸಿದ್ದೇ ಮಾತಾಡಲಿಕ್ಕೆ!

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಬೆಲ್ ಹೊಡೆದ ಮೇಲೂ ಈ ಮೇಡಂ ಐದು ನಿಮಿಷ ಮಾತಾಡುತ್ತಾರೆ ಎಂದು ಹುಡುಗಿಯರು ಬೆಂಚಿನ ಮೇಲೆ ಇಂಗ್ಲಿಷಿನಲ್ಲೇ ಕೊರೆದಿಟ್ಟಿದ್ದಾರೆ. (ಸ್ಪೆಲಿಂಗ್ ತಪ್ಪಿತ್ತು. ತಿದ್ದಿ ಬಂದೆ.)

ಅಂಥವಳ ಬಾಯಿ ಮುಚ್ಚಿಸಿದವರು ಯಾರು ಅಂತೀರಾ? ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಪೇಂಟರ್.

ಮೊದಲು ಹಾಲೇಶಪ್ಪನವರ ವಿಷಯ ಹೇಳಬೇಕು. ಗುತ್ತೂರಿನವರು. ಹರಿಹರದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಶಿಫ್ಟ್ ಮುಗಿಸಿ ಸೈಕಲ್ ಹತ್ತಿ ಊರಿಗೆ ಹೋಗಿ ಭತ್ತದ ಗದ್ದೆಗೆ ನೀರು ಬಿಡುವ ಮನುಷ್ಯ. ಆದರೆ ಅವರಿಗೊಂದು ಹುಚ್ಚು. ನಮ್ಮ ಟಾಕೀಸುಗಳಿಗೆ ಈ ಜನ್ಮದಲ್ಲಿ ಬಾರದ ಸಿನಿಮಾಗಳನ್ನು ಎಲ್ಲೆಲ್ಲಿಂದಲೋ ತರಿಸಿ ಜನರಿಗೆ ತೋರಿಸುವುದು. ಅದಕ್ಕಾಗಿ ಗೆಳೆಯರನ್ನು ಕೂಡಿಸಿ ಒಂದು ಫಿಲ್ಮ್ ಸೊಸೈಟಿಯನ್ನೂ ಕಟ್ಟಿದ್ದಾರೆ. ರೀಲುಗಳು ತಗಡಿನ ಡಬ್ಬಿಯಲ್ಲಿ ರೈಲಿಗೆ ಬರುತ್ತವೆ. ಪ್ರೊಜೆಕ್ಟರ್ ಎಲ್ಲಿಯೋ ಮೂಲೆಗೆ ಬಿದ್ದಿದ್ದು. ಸವೆದುಹೋದ ಹಲ್ಲಿನ ಚಕ್ರವನ್ನು ಹಾಲೇಶಪ್ಪನವರೇ ಹೊಸದಾಗಿ ಮಾಡಿ ಕೂರಿಸಿದ್ದಾರೆ. ಭಾನುವಾರ ಬೆಳಗ್ಗೆ, ಟಿವಿ ಇರುವ ಮನೆಗಳ ಮುಂದೆ ಧಾರಾವಾಹಿ ನೋಡಬಂದವರ ಚಪ್ಪಲಿ ರಾಶಿ ಬೀಳುವ ಹೊತ್ತಿಗೆ, ಇವರು ಸಮುದಾಯ ಭವನದ ಕಿಟಕಿಗಳಿಗೆ ಗೋಣಿಚೀಲ ಹೊಡೆದು ಕತ್ತಲು ಮಾಡುತ್ತಾರೆ.

ಬರುವವರು ಯಾರು? ಫಿಟ್ಟರ್‌ಗಳು, ವೆಲ್ಡರ್‌ಗಳು, ಕ್ಯಾಂಟೀನಿನವರು, ನಂದಿಗುಡಿ ಕಡೆಯಿಂದ ಬಸ್ಸಿಗೆ ಬರುವ ನಾಲ್ಕಾರು ರೈತರು. ಒಮ್ಮೆ ಒಂದು ಸಿನಿಮಾದಲ್ಲಿ ಅರ್ಧ ಗಂಟೆ ಬರೀ ಒಬ್ಬ ಮನುಷ್ಯ ನಡೆದನಂತೆ. ಬೈದುಕೊಂಡು ಎದ್ದುಹೋದವರು ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಬಂದರಂತೆ. ಇದಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ.

ಈ ಸಲದ ಸಿನಿಮಾ ಯಾವುದೋ ಹಿಮದ ದೇಶದ್ದು. ಕೆಳಗೆ ಇಂಗ್ಲಿಷ್ ಅಕ್ಷರ. ನಮ್ಮ ಜನರಿಗೆ ಅರ್ಥವಾಗಬೇಕಲ್ಲ? ಅದಕ್ಕೇ ಮೈಕ್ ಮತ್ತು ನಾನು. ಪರದೆಯ ಮೇಲೆ ಬಂದದ್ದನ್ನು ಆಗಿಂದಾಗ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಪಕ್ಕದ ಕುರ್ಚಿಯಲ್ಲಿ ದಾದಾಪೀರ್ ಕೂತಿದ್ದರು. ದಾವಣಗೆರೆಯವರೆಲ್ಲ ಇವರನ್ನು ಬಲ್ಲಿರಿ. ಹೆಸರಿನಿಂದಲ್ಲ, ಕೈಯಿಂದ. ಪೇಟೆಯ ಟಾಕೀಸಿನ ಮುಂದಿನ ಗೋಡೆಯ ಮೇಲೆ ಇಪ್ಪತ್ತು ಅಡಿ ಎತ್ತರದ ಹೀರೋ ನಿಂತಿರುತ್ತಾನಲ್ಲ, ಗುಲಾಬಿ ಕೆನ್ನೆ, ಹಸಿರು ನೆರಳು, ರಕ್ತ ಸುರಿಯುವ ಹಣೆ? ಇಪ್ಪತ್ತೆರಡು ವರ್ಷದಿಂದ ಅವನನ್ನು ಬರೆಯುತ್ತಿರುವವರು ಇವರೇ. ಅಂದು ಸೊಸೈಟಿಯ ಬಟ್ಟೆ ಬ್ಯಾನರ್ ಕೊಡಲು ಬಂದಿದ್ದರು. ಹಾಲೇಶಪ್ಪ ಬಲವಂತವಾಗಿ ಕೂರಿಸಿದ್ದರು.

ಸಿನಿಮಾ ಶುರುವಾಯಿತು. ಕಥೆ ಸಣ್ಣದು. ಯುದ್ಧದ ಕಾಲ. ಒಬ್ಬ ವಿಧವೆ ಮಿಲಿಟರಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಾಳೆ. ಒಂದು ದಿನ ರಕ್ತ ಹತ್ತಿದ ಅಂಗಿಯೊಂದು ಕೈಗೆ ಸಿಗುತ್ತದೆ. ಅದರ ಕಾಲರಿನ ಹೊಲಿಗೆ ಅವಳದೇ. ಮಗನಿಗೆಂದು ಅವಳು ಹೊಲಿದ ಅಂಗಿ. ಅಂಗಿ ಇಲ್ಲಿದೆ. ಮಗ ಎಲ್ಲಿ?

ಅಲ್ಲಿಯವರೆಗೆ ನನ್ನ ಕಾಮೆಂಟರಿ ಜೋರಾಗಿಯೇ ಓಡುತ್ತಿತ್ತು. ಆಮೇಲೆ ಅವಳು ಕಿಟಕಿಯ ಹತ್ತಿರ ಬಂದು ನಿಂತಳು. ಮುಖದ ಅರ್ಧಕ್ಕೆ ಬೆಳಕು. ಇನ್ನರ್ಧ ಕಪ್ಪು. ಮಾತಿಲ್ಲ, ಸಂಗೀತವಿಲ್ಲ. ಆ ಮುಖ ಹಾಗೇ ನಿಂತಿತು. ಒಂದು ನಿಮಿಷ. ಎರಡು ನಿಮಿಷ. ಕೆಳಗೆ ಅಕ್ಷರವೂ ಇಲ್ಲ. ನನಗೆ ಚಡಪಡಿಕೆ. ಸುಮ್ಮನಿದ್ದರೆ ಕೆಲಸಗಳ್ಳಿ ಅಂದುಕೊಂಡಾರು ಅನಿಸಿತು. ಮೈಕ್ ಬಾಯಿಗಿಟ್ಟು ಹೇಳಿದೆ: "ಈಗ ಆಕೆಗೆ ತುಂಬಾ ದುಃಖವಾಗಿದೆ."

ದಾದಾಪೀರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೆಲ್ಲಗೆ ಅಂದರು: "ಬ್ಯಾಡ್ರಿ ಮೇಡಂ. ಕಾಣ್ತೈತೆ."

ಕಿವಿ ಬಿಸಿಯಾಯಿತು. ಮೈಕ್ ತೊಡೆಯ ಮೇಲಿಟ್ಟೆ. ಸುತ್ತ ನೋಡಿದರೆ ನೂರೈವತ್ತು ಜನರಲ್ಲಿ ಒಬ್ಬರೂ ಕೆಮ್ಮುತ್ತಿಲ್ಲ. ಪರದೆಯ ಬೂದು ಬೆಳಕು ಬಿದ್ದು ಅವರ ಮುಖಗಳೂ ಅರ್ಧರ್ಧ ಆಗಿದ್ದವು. ನಾನು ಅಲ್ಲಿಂದ ಮುಂದೆ ಮೈಕ್ ಮುಟ್ಟಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಅವಳಿಗೆ ಮಗ ಸಿಕ್ಕನೋ ಇಲ್ಲವೋ ಸಿನಿಮಾ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹುಡುಕುತ್ತ ಹೋಗುತ್ತಾಳೆ. ಅಷ್ಟೇ. ಮುಗಿದ ಮೇಲೂ ಜನ ಸ್ವಲ್ಪ ಹೊತ್ತು ಏಳಲಿಲ್ಲ.

ಎದ್ದವರು ಒಬ್ಬರೇ, ದಾದಾಪೀರ್. ಸೀದಾ ಪ್ರೊಜೆಕ್ಟರ್ ಹತ್ತಿರ ಹೋಗಿ, ಕಿಟಕಿಯ ರೀಲು ಇನ್ನೊಮ್ಮೆ ತೋರಿಸಲು ಆಗುತ್ತದೆಯೇ ಎಂದು ಕೇಳಿದರು. ಡಬ್ಬಿ ಮಧ್ಯಾಹ್ನದ ರೈಲಿಗೆ ವಾಪಸ್ ಹೋಗಬೇಕು. ಹಾಲೇಶಪ್ಪ ಗಡಿಯಾರ ನೋಡಿದರು, ಇವರ ಮುಖ ನೋಡಿದರು, ರೀಲು ಹಾಕಿದರು. ಈ ಸಲ ದಾದಾಪೀರ್ ಕೂರಲಿಲ್ಲ. ಪರದೆಯ ಪಕ್ಕದಲ್ಲೇ ನಿಂತು, ಬೆಳಕು ಮುಗಿದು ಕತ್ತಲು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಲ್ಲಿ ಗೆರೆ ಎಳೆಯುತ್ತ ಹೋದರು. ಮೂಗಿನ ಮೇಲೆ, ತುಟಿಯ ಮೇಲೆ, ಗದ್ದದ ಕೆಳಗೆ.

ದಾವಣಗೆರೆ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಬಂದೆವು. ಊರು ಹತ್ತಿರವಾದಾಗ ಅವರು ಅಂದರು: "ಇಪ್ಪತ್ತೆರಡು ವರ್ಷ ಎಲ್ಲಾ ತೋರ್ಸಿ ತೋರ್ಸಿ ಕೆಟ್ಟೆ ನೋಡ್ರಿ ಮೇಡಂ. ಆ ಸಿನಿಮಾ ತೆಗೆದ ಪುಣ್ಯಾತ್ಮ ಅರ್ಧ ಮುಚ್ಚಿಟ್ಟು ತೋರ್ಸ್ಯಾನೆ."

ಮನೆಗೆ ಬಂದು ನಾನೂ ಯೋಚಿಸಿದೆ. ನಾವು ಎಷ್ಟು ವಿವರಿಸುತ್ತೇವಲ್ಲ? ಮದುವೆ ಆಲ್ಬಮ್ ತೋರಿಸುವಾಗ "ಇದು ತಾಳಿ ಕಟ್ಟುತ್ತಿರುವುದು" ಅನ್ನುತ್ತೇವೆ. (ಇನ್ನೇನು, ಬಾವಿಗೆ ಹಗ್ಗ ಕಟ್ಟುತ್ತಿದ್ದಾರೆಯೇ?) ಸಾವಿನ ಮನೆಗೆ ಹೋಗಿ, ಸತ್ತವರು ಹೇಗೆ ಸತ್ತರೆಂದು ಸತ್ತವರ ಹೆಂಡತಿಗೇ ಹೇಳಿ ಬರುತ್ತೇವೆ. ನಾನಂತೂ ಪದ್ಯವೊಂದನ್ನು ಮೂರು ಪೀರಿಯಡ್ ಹಿಂಡುತ್ತೇನೆ. ಕಾಣುತ್ತಿದ್ದರೂ ಬಿಡುವುದಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ವಾರದ ಅಂಕಣದಲ್ಲಿ ಬೇರೆ ಏನಾದರೂ ಬರೆಯುತ್ತಿದ್ದೆ. ಮುಗಿಯಲಿಲ್ಲ.

ಮುಂದಿನ ಶುಕ್ರವಾರ ಕಾಲೇಜಿಗೆ ಹೋಗುತ್ತಿದ್ದೆ. ಟಾಕೀಸಿನ ಮುಂದೆ ಜನವೋ ಜನ. ಹೊಸ ಸಿನಿಮಾ ಬಿಡುಗಡೆ. ಆದರೆ ಶಿಳ್ಳೆ ಇಲ್ಲ, ಪಟಾಕಿ ಇಲ್ಲ. ಹಾರ ಹಿಡಿದುಕೊಂಡ ಅಭಿಮಾನಿ ಸಂಘದವರು ಕತ್ತೆತ್ತಿ ನಿಂತುಬಿಟ್ಟಿದ್ದಾರೆ. ನಾನೂ ಕತ್ತೆತ್ತಿದೆ.

ಇಪ್ಪತ್ತು ಅಡಿಯ ಹೀರೋ. ಅರ್ಧ ಮುಖ ಮಾತ್ರ. ಉಳಿದರ್ಧ ಕಗ್ಗತ್ತಲು. ಗುಲಾಬಿ ಇಲ್ಲ, ಹಸಿರಿಲ್ಲ. ಬೆಳಕಿನಲ್ಲಿದ್ದ ಒಂದು ಕಣ್ಣು ನಮ್ಮೆಲ್ಲರನ್ನೂ ದಾಟಿ, ಬಸ್ ಸ್ಟ್ಯಾಂಡ್ ದಾಟಿ, ಇನ್ನೆಲ್ಲಿಯೋ ನೋಡುತ್ತಿತ್ತು. ಆ ನಟನ ಮುಖವನ್ನು ಸಾವಿರ ಸಲ ನೋಡಿದ್ದೇನೆ. ಅವನಿಗೂ ಒಂದು ಚಿಂತೆ ಇರಬಹುದು ಎಂದು ಅವತ್ತೇ ನನಗೆ ಅನಿಸಿದ್ದು. ಪಕ್ಕದಲ್ಲಿ ಹೂವು ಮಾರುವ ಹೆಂಗಸು ಕಟ್ಟುತ್ತಿದ್ದ ಮಾಲೆಯನ್ನು ಅರ್ಧಕ್ಕೇ ಬಿಟ್ಟು ಕೂತಿದ್ದಳು. ಬಟ್ಟೆ ಗಿರಣಿ ಮುಚ್ಚಿ ಕೆಲಸ ಹೋದ ದಿನ ತನ್ನ ಗಂಡ ಮನೆಗೆ ಬಂದು ಹೀಗೇ ಕೂತಿದ್ದ ಎಂದು ನನಗೆ ಹೇಳಿದಳು. ಕೇಳಿರಲಿಲ್ಲ, ಆದರೂ ಹೇಳಿದಳು.

ನನ್ನ ಮೊದಲ ಪೀರಿಯಡ್ ಹೋಯಿತು.

ಎಷ್ಟು ಹೊತ್ತು ನಡೆದೀತು ಈ ಮೌನ? ಮಧ್ಯಾಹ್ನದ ಹೊತ್ತಿಗೆ ಸಂಘದವರಿಗೆ ಎಚ್ಚರವಾಯಿತು. ನಮ್ಮ ಅಣ್ಣನ ಅರ್ಧ ಮುಖಕ್ಕೆ ಮಸಿ ಬಳಿದವರು ಯಾರು ಎಂದು ಗದ್ದಲ. ಮ್ಯಾನೇಜರ್ ದಾದಾಪೀರ್ ಅವರನ್ನು ಮನೆಯಿಂದ ಕರೆಸಿ, ಸಂಜೆಯ ಆಟದೊಳಗೆ ಮುಖ ಪೂರ್ತಿಯಾಗಬೇಕು, ಇನ್ನೊಮ್ಮೆ ಹೀಗಾದರೆ ಬೇರೆ ಪೇಂಟರ್ ನೋಡಿಕೊಳ್ಳುತ್ತೇನೆ ಅಂದರಂತೆ.

ನಾಲ್ಕು ಗಂಟೆಗೆ ನಾನು ವಾಪಸ್ ಬರುವಾಗ ದಾದಾಪೀರ್ ಬೊಂಬಿನ ಅಟ್ಟಣಿಗೆಯ ಮೇಲಿದ್ದರು. ಕೈಯಲ್ಲಿ ಗುಲಾಬಿ ಬಣ್ಣದ ಡಬ್ಬಿ. ಆ ಕತ್ತಲನ್ನು ತಾವೇ ಅಳಿಸುತ್ತಿದ್ದರು. ನನಗೆ ಕಣ್ಣು ತುಂಬಿತು, ನಿಜ. ಅವರು ಮಾತ್ರ ಮುನಿಸಿಲ್ಲದೆ, ಒಂದು ಗೆರೆಯೂ ಅಡ್ಡಾದಿಡ್ಡಿ ಆಗದಂತೆ ಬರೆಯುತ್ತಿದ್ದರು. ಕೆಳಗಿಳಿದಾಗ ಕೇಳಿದೆ, ಬೇಜಾರಾಗಲಿಲ್ಲವೇ ಎಂದು.

"ಗೋಡೆ ಅವರ್ದು, ಮಖ ಅವರ್ದು. ಅವರು ಹೇಳಿದಂಗೆ ಬರೆಯಾದು ನ್ಯಾಯ," ಅಂದರು. ಬ್ರಶ್ಶು ಒರೆಸುತ್ತ ಮತ್ತೆ ಅಂದರು: "ನಂಗೊಂದು ಗೋಡೆ ಬೇಕಾಗೇತ್ರಿ."

ಗೋಡೆ ಸಿಕ್ಕಿತು. ಅವರ ಓಣಿಯ ತುದಿಗೆ ಹತ್ತಿ ವ್ಯಾಪಾರದ ಹಳೆಯ ಮನೆತನದ ಗೋಡೌನ್ ಇದೆ. ಯಜಮಾನರು ಹಣೆ ತುಂಬ ವಿಭೂತಿಯ ಹಿರಿಯರು. ಏನು ಬರೆಯುತ್ತೀ ಎಂದು ಕೇಳಿದರಂತೆ. ಇನ್ನೂ ಗೊತ್ತಿಲ್ಲ ಅಂದರಂತೆ ದಾದಾಪೀರ್. ಯಜಮಾನರು ನಕ್ಕು ಒಪ್ಪಿದರು. ಷರತ್ತು ಮೂರೇ. ಪಾರ್ಟಿ ಬೇಡ, ದೇವರು ಬೇಡ, ಸಿನಿಮಾದವರು ಬೇಡ.

ಅದೆಲ್ಲ ಬಿಟ್ಟರೆ ಗೋಡೆಯ ಮೇಲೆ ಬರೆಯಲು ನಮ್ಮ ಊರಲ್ಲಿ ಏನು ಉಳಿಯುತ್ತದೆ? ನಾನೂ ಹಾಗೇ ಅಂದುಕೊಂಡೆ.

ಮೊನ್ನೆ ಭಾನುವಾರ ಸಂಜೆ ಹೋಗಿ ನೋಡಿ ಬಂದೆ. ಹಾಲೇಶಪ್ಪನವರೂ ಹರಿಹರದಿಂದ ಬಂದಿದ್ದರು. ಗೋಡೆ ತುಂಬ ಒಬ್ಬ ಹೆಂಗಸು. ಮಂಡಕ್ಕಿ ಹುರಿಯುವ ಭಟ್ಟಿಯ ಒಲೆಯ ಮುಂದೆ ಕೂತಿದ್ದಾಳೆ. ಉರಿಯ ಬೆಳಕು ಮುಖದ ಒಂದು ಬದಿಗೆ. ಇನ್ನೊಂದು ಬದಿ ಹೊಗೆಯ ಕತ್ತಲಲ್ಲಿ ಕರಗಿಹೋಗಿದೆ. ಬಿಳಿಗೆ ಸುಣ್ಣ, ಕಪ್ಪಿಗೆ ಭಟ್ಟಿಯ ಗೋಡೆಯಿಂದ ಕೆರೆದು ತಂದ ಮಸಿ, ಉರಿಗೆ ಒಂದಿಷ್ಟು ಕೆಮ್ಮಣ್ಣು. ಅಷ್ಟೇ ಬಣ್ಣ. ಹಣೆಯ ಬೆವರಿನ ಒಂದು ಹನಿ ಇನ್ನೇನು ಬೀಳಬೇಕು, ಬಿದ್ದಿಲ್ಲ. ಸೈಕಲ್‌ನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಯಾರ ಜಾಹೀರಾತು ಎಂದು ಒಬ್ಬರೂ ಕೇಳಲಿಲ್ಲ. ನಾನು ಎಷ್ಟು ಹೊತ್ತು ನಿಂತಿದ್ದೆನೋ, ಕಾಲು ಜೋಮು ಹಿಡಿದಾಗಲೇ ತಿಳಿದದ್ದು.

ಆ ಹೆಂಗಸು ದಾದಾಪೀರ್ ಅವರ ಅಕ್ಕ, ಮಾಬೂಬಿ. ಮೂವತ್ತು ವರ್ಷದಿಂದ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಾರೆ. ಚಿಕ್ಕಂದಿನಿಂದ ದಿನಾ ನೋಡಿದ ಮುಖವಂತೆ, ಒಂದು ದಿನವೂ ನೋಡಿರಲಿಲ್ಲ ಅಂದರು ತಮ್ಮ.

ಅಷ್ಟರಲ್ಲಿ ಭಟ್ಟಿಯ ಕೆಲಸ ಮುಗಿಸಿ ಮಾಬೂಬಿಯೇ ಬಂದರು. ತಮ್ಮ ಅವರಿಗೆ ಮೊದಲೇ ಏನೂ ಹೇಳಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಗೋಡೆಯ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, ಸಂಕೋಚದಿಂದ, ತಗ್ಗಿದ ದನಿಯಲ್ಲಿ ಕೇಳಿದರು:

"ನಾನು ಇಷ್ಟು ದೊಡ್ಡಾಕೆ ಅದೀನೇನ್ರಿ?"