ಕಾಫಿ ಮಿಷನ್ನಿನ ಶ್ರುತಿ

ಆಗಷ್ಟೇ ಬೀಸಿದ ಕಾಫಿಪುಡಿಯ ಪೊಟ್ಟಣ ಕೈಗೆ ಬಂದಾಗ ಬೆಚ್ಚಗಿರುತ್ತದೆ, ಗಮನಿಸಿದ್ದೀರಾ? ಮೊನ್ನೆ ಕೊಪ್ಪದಲ್ಲಿ ಅಂಥದೊಂದು ಪೊಟ್ಟಣ ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ ಕಾಲೇಜಿನ ದಿನಗಳ ಒಂದು ಸಂಜೆ ನೆನಪಾಯಿತು ಎಂದು ಬರೆಯಲು ಹೊರಟೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ನೆನಪಾದದ್ದು ಆ ಸಂಜೆಯಲ್ಲ. ಆ ಸಂಜೆಯ ಬಗ್ಗೆ ನಾನು ಎಷ್ಟೋ ಸಲ ಹೇಳಿಕೊಂಡು ಬಂದ ಕಥೆ. ಎರಡೂ ಒಂದೇ ಅಲ್ಲವೆಂದು ತಿಳಿದದ್ದು ಈಚೆಗೆ.

ನಾನು ಪಕ್ಕದ ಬಾಳಗಡಿಯ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಕೊಪ್ಪದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸಂಜೆಯಾದರೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕ್ಯಾಸೆಟ್ ಅಂಗಡಿಯವನು ಸ್ಪೀಕರನ್ನು ಬಾಗಿಲಲ್ಲೇ ಇಟ್ಟು ಹೊಸ ಸಿನಿಮಾದ ಹಾಡು ಹಾಕುತ್ತಿದ್ದ. ಅವನಿಗೆ ಪೈಪೋಟಿಯಾಗಿ ಬೇಕರಿಯ ರೇಡಿಯೊ. ಇವೆರಡರ ಮೇಲೆ ಶೃಂಗೇರಿ, ಬಾಳೆಹೊನ್ನೂರು ಎಂದು ಕೂಗುವ ಬಸ್ಸಿನವರು. ಈ ಗಲಾಟೆಯ ನಡುವೆ, ಶೆಟ್ಟಿಕೊಪ್ಪದ ಕಡೆಯಿಂದ ಬಂದು ಅಂಗಡಿ ಇಟ್ಟಿದ್ದ ರುದ್ರಪ್ಪನವರ ಕಾಫಿಪುಡಿ ಮಿಷನ್ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತಿತ್ತು. ಆ ಸ್ವರವನ್ನೇ ತಂಬೂರಿ ಮಾಡಿಕೊಂಡು ರುದ್ರಪ್ಪನವರು ಹಾಡುತ್ತಿದ್ದರು. ಪದಗಳು ನೆನಪಿಲ್ಲ. ಕೊನೆಯ ಸಾಲನ್ನು ಎಳೆದು, ಇನ್ನೇನು ಮುಗಿಯಿತು ಅನ್ನುವಾಗ ಇನ್ನೊಂದು ಚೂರು ಎಳೆದು ಬಿಡುವ ಧಾಟಿ ಮಾತ್ರ ನೆನಪಿದೆ. ಕೌಂಟರಿನ ಈಚೆ ನಿಂತು ಅವರ ತುಟಿ ಅಲ್ಲಾಡುವುದನ್ನು ನೋಡಿದ್ದೇನೆ.

ಇದನ್ನು ಹೋದಲ್ಲೆಲ್ಲ ಹೇಳಿದ್ದೇನೆ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹೇಳಿದಾಗ ರುದ್ರಪ್ಪನವರು ಸುಮಾರಾಗಿ ಹಾಡುತ್ತಿದ್ದರು. ನನಗೆ ಕೆಲಸ ಸಿಗುವ ಹೊತ್ತಿಗೆ ಅವರ ಕಂಠ ಬಹಳ ಸುಧಾರಿಸಿತ್ತು. ಆಧಾರವಿಲ್ಲದೆ ಏನನ್ನೂ ಒಪ್ಪದವನೆಂದು ಗೆಳೆಯರಲ್ಲಿ ಹೆಸರು ಮಾಡಿದವನು ನಾನು. ನನ್ನ ಮಾತಿಗೆ ಮಾತ್ರ ಯಾವತ್ತೂ ಆಧಾರ ಕೇಳಿಕೊಂಡಿರಲಿಲ್ಲ.

ರುದ್ರಪ್ಪನವರು ತೀರಿಕೊಂಡ ಮೇಲೆ ಅಂಗಡಿಯನ್ನು ಮಗಳು ಗಿರಿಜೆ ನೋಡಿಕೊಳ್ಳುತ್ತಿದ್ದಾಳೆ. ಹೋದ ವರ್ಷ ಪುಡಿ ತರಲು ಹೋದವನು ಅವಳಿಗೂ ಈ ಕಥೆ ಹೇಳಿದೆ. ಅವಳು ತಕ್ಕಡಿಯಿಂದ ಕೈ ತೆಗೆದು ನನ್ನನ್ನೇ ನೋಡಿದಳು. ಮನೆಯಲ್ಲಿ ಅಪ್ಪ ನಾಲ್ಕು ಮಾತಾಡಿದರೆ ಹೆಚ್ಚಂತೆ. ಹಾಡಿದ್ದನ್ನು ಅವಳೂ ಕೇಳಿಲ್ಲ, ಅವಳ ತಾಯಿಯೂ ಕೇಳಿಲ್ಲ. ಅಂದಿನಿಂದ ಬಂದ ಗಿರಾಕಿಗಳಿಗೆಲ್ಲ ನಮ್ಮಪ್ಪ ಹಾಡುತ್ತಿದ್ದರು ಎಂದು ಹೇಳತೊಡಗಿದಳು. ಈಚೆಗೆ ಅಂಗಡಿಯನ್ನು ಹೊಸದು ಮಾಡಿಸಿದಾಗ ಫೋನ್ ಮಾಡಿ, ಪೂಜೆಯ ದಿನ ಸೇರಿದವರ ಮುಂದೆ ಅಪ್ಪನ ಹಾಡಿನ ಬಗ್ಗೆ ನಾನೇ ಮಾತಾಡಬೇಕು ಎಂದಳು.

"ನೀವು ಕಣ್ಣಾರೆ ಕಂಡೋರು. ಅಪ್ಪನ ಬಗ್ಗೆ ಹೇಳಕ್ಕೆ ನಂಗೆ ಇರೋದು ಅದೊಂದೇ ಅಣ್ಣ."

ಸಾಕ್ಷಿ ಹೇಳಲು ಕರೆದ ತಕ್ಷಣ ನನಗೆ ಅನುಮಾನ ಶುರುವಾಯಿತು. ಚಹಾದ ಜೊತೆ ಹೇಳುವ ಮಾತು ಬೇರೆ, ಮೈಕ್ ಹಿಡಿದು ಹೇಳುವ ಮಾತು ಬೇರೆ. ಪೂಜೆಗೆ ಮುಂಚೆಯೇ ಕೊಪ್ಪಕ್ಕೆ ಹೋಗಿ ಹಳಬರನ್ನು ವಿಚಾರಿಸಿದೆ. ಬೇಕರಿಯವರಿಗೆ ಹಾಡಿನ ನೆನಪೇ ಇಲ್ಲ. ರುದ್ರಪ್ಪ ಬಹಳ ನಿಧಾನ, ಕಾಲು ಕೆಜಿ ಪುಡಿ ಕೊಡುವುದರೊಳಗೆ ಬಸ್ಸು ತಪ್ಪುತ್ತಿತ್ತು ಎಂದರು. ಕ್ಷೌರದಂಗಡಿಯವರೂ ಹೇಳಿದ್ದು ಅದನ್ನೇ. ಕಾಫಿ ಅಂಗಡಿಗೆ ನೇರ ಎದುರಿಗೆ ಟೈಲರ್ ವಾಸಣ್ಣನ ಅಂಗಡಿ. ಅವನು ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡುವವನು, ಸಂಗೀತ ಬಲ್ಲವನು. ಕೇಳಿದರೆ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ, "ಹಾಡಿರಬಹುದು ಮಾರಾಯ" ಎಂದ. ಎದುರಿನ ಅಂಗಡಿಯಲ್ಲಿ ದಿನವೂ ಹಾಡಿದ್ದರೆ "ಇರಬಹುದು" ಏಕೆ? ಇದು ಹೊಟ್ಟೆಕಿಚ್ಚೇ ಎಂದು ತೀರ್ಮಾನಿಸಿದೆ. ಒಬ್ಬ ಹಾಡುಗಾರ ಇನ್ನೊಬ್ಬನನ್ನು ಸುಲಭವಾಗಿ ಒಪ್ಪುತ್ತಾನೆಯೇ?

ನಾನು ಅಲ್ಲಿ ಕೂತಿದ್ದಾಗಲೇ ಆಚೆ ಗಿರಿಜೆ, ದುರಸ್ತಿಯಾಗಿ ಬಂದ ಅದೇ ಹಳೆಯ ಮಿಷನ್ನನ್ನು ಓಡಿಸಿ ನೋಡಿದಳು. ಗುಂಯ್ ಎನ್ನುವ ಸ್ವರ ರಸ್ತೆ ದಾಟಿ ಬಂತು. ಹೊಲಿಗೆ ಯಂತ್ರ ತುಳಿಯುತ್ತಿದ್ದ ವಾಸಣ್ಣನ ಕಾಲು ನಿಂತಿತು. ತನಗೇ ಗೊತ್ತಿಲ್ಲದೆ ಆ ಸ್ವರಕ್ಕೆ ಸೇರಿಸಿ ಗುನುಗತೊಡಗಿದ. ಕೊನೆಯ ಸಾಲಿನಲ್ಲಿ, ಮುಗಿಯಿತು ಅನ್ನುವಾಗ, ಇನ್ನೊಂದು ಚೂರು ಎಳೆದ. ಆಮೇಲೆ ನಾನು ಇರುವುದು ನೆನಪಾಗಿ ಬಟ್ಟೆಯ ಅಂಚನ್ನು ಸುಮ್ಮನೆ ಮಡಚಿದ.

"ನೀನಾ?" ಎಂದೆ.

"ಮತ್ತೆ ಅವನು ಹಾಡೋದು ಹೇಗೆ ಮಾರಾಯ, ಬಾಯಿ ತುಂಬ ಎಲೆಅಡಿಕೆ ಇಟ್ಕಂಡು?"

ನಾನು ಕಂಡದ್ದು ಅಡಿಕೆ ಅಗಿಯುವ ತುಟಿ, ಕೇಳಿದ್ದು ಎದುರಂಗಡಿಯ ಧ್ವನಿ. ಎರಡನ್ನೂ ಸೇರಿಸಿ ಹೊಲಿದ ಟೈಲರ್ ನಾನೇ.

ವಾಸಣ್ಣ ನಿಧಾನಕ್ಕೆ ಉಳಿದದ್ದನ್ನು ಹೇಳಿದ. ಬೀಜವನ್ನು ಒಮ್ಮೆಗೇ ಸುರಿದರೆ ಮಿಷನ್ನಿನ ಸ್ವರ ಇಳಿಯುತ್ತಿತ್ತಂತೆ, ಖಾಲಿಯಾದರೆ ಏರುತ್ತಿತ್ತಂತೆ. ವಾಸಣ್ಣನ ಹಾಡು ಮುಗಿಯುವ ತನಕ ರುದ್ರಪ್ಪ ಬೀಜವನ್ನು ಹಿಡಿಹಿಡಿಯಾಗಿ ಹಾಕುತ್ತ ಸ್ವರವನ್ನು ಒಂದೇ ಮಟ್ಟದಲ್ಲಿ ಇಡುತ್ತಿದ್ದನಂತೆ. ನಿಧಾನ ಎಂದು ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದನಂತೆ. "ಹಾಡು ಅಂತ ಅವನು ಒಂದಿನ ಹೇಳಿದ್ದಿಲ್ಲ. ಹಾಂಗೆ ಹಾಕು ಅಂತ ನಾನೂ ಹೇಳಿದ್ದಿಲ್ಲ."

ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಆ ಹುಡ್ಗಿ ಓಡಿ ಬಂದು, ಅಪ್ಪ ಹಾಡ್ತಿದ್ರಂತೆ ವಾಸಣ್ಣ ಅಂತು. ಅಲ್ಲ ಅನ್ನಕ್ಕೆ ಬಾಯಿ ಬರಲಿಲ್ಲ. ಒಂದು ಹಾಡು ತಾನೆ, ಇಟ್ಕಳ್ಲಿ. ನೀನೂ ಹಾಂಗೇ ಹೇಳಿಬಿಡು."

ಹೇಳಿಬಿಡಬಹುದಿತ್ತು. ಆದರೆ ಅವಳಿಗಿದ್ದ ಒಂದೇ ಒಂದು ಮಾತು ನಾನು ಕೊಟ್ಟದ್ದು, ಅದೂ ತಪ್ಪು ಮಾತು. ರಸ್ತೆ ದಾಟಿ ಹೋಗಿ ಎಲ್ಲವನ್ನೂ ಹೇಳಿದೆ. ಗಿರಿಜೆ ಮಿಷನ್ ನಿಲ್ಲಿಸಿದಳು. ಬಹಳ ಹೊತ್ತು ಕೈಯ ಪುಡಿ ಒರೆಸಿಕೊಳ್ಳುತ್ತಲೇ ಇದ್ದಳು. ಅಳುತ್ತಾಳೆ ಎಂದುಕೊಂಡೆ.

"ಹಾಡ್ತಿದ್ರು ಅಂತ ಎಲ್ಲರಿಗೂ ಹೇಳ್ತಿದ್ದೆ. ಹೇಳಬೇಕಾದ್ರೆ ಬೇರೆ ಯಾರದೋ ಅಪ್ಪನ ವಿಷಯ ಹೇಳ್ದಂಗೆ ಆಗ್ತಿತ್ತು ಅಣ್ಣ," ಎಂದಳು. "ನಾನು ಪರೀಕ್ಷೆಗೆ ಓದ್ತಿದ್ರೆ ಬಂದು ಎದುರಿಗೆ ಕೂರೋರು. ಒಂದು ಮಾತಿಲ್ಲ. ನಾನು ಪುಸ್ತಕ ಮುಚ್ಚಿದ ಮೇಲೇ ಏಳೋರು. ನೀವು ಈಗ ಹೇಳಿದ್ರಲ್ಲ, ಅದು ನಮ್ಮಪ್ಪಂದೇ ಕೆಲಸ."

ಪೂಜೆಯ ದಿನ ಮಾತಾಡಲು ನನ್ನ ಅಗತ್ಯ ಬೀಳಲಿಲ್ಲ. ಹಾಡಿಗಾಗಿ ಬೀಜವನ್ನು ಹಿಡಿಹಿಡಿಯಾಗಿ ಹಾಕುತ್ತಿದ್ದ ಅಪ್ಪನ ಬಗ್ಗೆ ಗಿರಿಜೆಯೇ ಮಾತಾಡಿದಳು, ಚೆನ್ನಾಗಿ ಮಾತಾಡಿದಳು. ವಾಸಣ್ಣ ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದ.

ಇಲ್ಲಿಗೆ ನನಗೆ ಸಮಾಧಾನವಾಗಬೇಕಿತ್ತು. ಆದರೆ ಈಗ ಆ ಸಂಜೆಯನ್ನು ನೆನೆದರೆ ಹಾಡು ಬೆನ್ನ ಹಿಂದಿನಿಂದ, ರಸ್ತೆಯ ಆಚೆಯಿಂದಲೇ ಕೇಳುತ್ತದೆ, ಎಂದಿನಿಂದಲೂ ಅಲ್ಲಿಂದಲೇ ಕೇಳುತ್ತಿತ್ತು ಎಂಬಷ್ಟು ಸ್ಪಷ್ಟವಾಗಿ. ವಾಸಣ್ಣ ಹೇಳಿದ್ದೇ ತಡ, ಇಷ್ಟು ವರ್ಷದ ನೆನಪು ತಕರಾರಿಲ್ಲದೆ ಜಾಗ ಬದಲಿಸಿತು. ಅವನ ಮಾತಿಗಾದರೂ ಅವನ ನೆನಪನ್ನು ಬಿಟ್ಟು ಬೇರೆ ಆಧಾರವೇನಿದೆ? ಹಾಡಿಗಾಗಿ ಅಲ್ಲ, ರುದ್ರಪ್ಪನವರು ನಿಜವಾಗಿಯೂ ನಿಧಾನದ ಮನುಷ್ಯರೇ ಆಗಿದ್ದಿರಬಹುದು, ಅಷ್ಟೇ.

ಈ ಅನುಮಾನವನ್ನು ಗಿರಿಜೆಗೆ ಹೇಳಿಲ್ಲ. ಹೇಳುವುದೂ ಇಲ್ಲ.