ಅಕ್ಕನ ಮೊಣಕಾಲಿಗೊಂದು ಪ್ರಾರ್ಥನೆ

ಇಪ್ಪತ್ತಾರು ವರ್ಷಗಳಿಂದ ಮಂದಿರದ ದೇವರಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಯಮ್ಮನಿಗೆ ದೇವರ ಸೊಂಟದ ಅಳತೆ ಬಾಯಿಪಾಠವಾಗಿತ್ತು. ಮಂದಿರ ನಡೆಸುವ ಹಿರಿಯರ ಮನಸ್ಸಿನ ಅಳತೆ ಮಾತ್ರ ಕೊನೆಗೂ ಸಿಗಲಿಲ್ಲ. ಅವಳೂ ಅವಳ ಅಕ್ಕನೂ ಇದ್ದದ್ದು ಮಂದಿರದ ಹಿಂದಿನ ಕಟ್ಟಡದಲ್ಲಿ, ನೆಲಮಹಡಿಯ ಒಂದೇ ಕೋಣೆಯಲ್ಲಿ. ಅಕ್ಕನ ಮೊಣಕಾಲುಗಳು ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಆದರೂ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡೇ ಹೋಗಿ ಮಂಗಳಾರತಿಗೆ ನಿಲ್ಲುತ್ತಿದ್ದಳು. ಅವಳ ಪಾಲಿಗೆ ಉಳಿದಿದ್ದ ಸುಖ ಅದೊಂದೇ.

ಆ ಕೋಣೆ ಇನ್ನು ಅತಿಥಿಗಳಿಗೆ, ನೀವು ಸೋಮವಾರ ಮೂರನೆಯ ಮಹಡಿಗೆ ಹೋಗಿ ಎಂದು ಹಿರಿಯರ ಸಮಿತಿಯಿಂದ ಕಾಗದ ಬಂತು. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ.

ಸಮಿತಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರ ಬಾಗಿಲಿಗೆ ದರ್ಜಿಯಮ್ಮ ಐದು ಸಲ ಅಲೆದಳು. ಜಪದಲ್ಲಿದ್ದಾರೆ, ಫೋನಿನಲ್ಲಿದ್ದಾರೆ, ಮಲಗಿದ್ದಾರೆ. ಕೊನೆಗೆ ಭಜನೆಯ ಮೃದಂಗದವನ ಹತ್ತಿರ ಗೋಳು ತೋಡಿಕೊಂಡಳು.

“ನಮಗೂ ಹೊಟ್ಟೆ ಉರಿಯುತ್ತೆ ಅಮ್ಮ,” ಎಂದ ಅವನು. “ನನ್ನ ಕೋಣೆ ಸೋರೋಕೆ ಶುರುವಾಗಿ ಎರಡು ವರ್ಷ ಆಯ್ತು. ಬಾಯಿ ಬಿಟ್ರೆ ಭಕ್ತರ ನಿಂದೆ, ಮಹಾಪಾಪ ಅಂತಾರೆ. ಪ್ರಾರ್ಥನೆ ಡಬ್ಬಿಗೆ ಚೀಟಿ ಹಾಕಿ. ಅವರು ಓದೋದು ಅದೊಂದನ್ನೇ.”

ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ದೂರು ಹೇಳುವಂತಿಲ್ಲ, ಪ್ರಾರ್ಥಿಸಬಹುದು. ಹೀಗಾಗಿ ಸೋರುವ ಸೂರು, ಕೆಟ್ಟ ನಲ್ಲಿ, ಹಿರಿಯರ ಸಿಡುಕು ಎಲ್ಲವೂ ದೇವರ ವಿಳಾಸಕ್ಕೇ ಹೋಗುತ್ತಿದ್ದವು. ಪಾಪ, ದೇವರಿಗೂ ಸಾಕುಸಾಕಾಗಿರಬೇಕು. ದರ್ಜಿಯಮ್ಮ ಸುತ್ತಿಬಳಸದೆ ಬರೆದಳು: ‘ಅಕ್ಕನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ನಮ್ಮ ಕೋಣೆ ಬಿಡಿಸಬೇಡಿ.’

ಭಾನುವಾರದ ಸಭೆಯಲ್ಲಿ ದೊಡ್ಡವರು ಚೀಟಿ ಬಿಚ್ಚಿದರು. ಓದುತ್ತಾ ಒಂದು ಗಳಿಗೆ ತಡೆದರು. “ಒಬ್ಬ ತಾಯಿಗೆ ಮೊಣಕಾಲು ನೋವಂತೆ. ಎಲ್ಲರೂ ಕಣ್ಣು ಮುಚ್ಚಿ ಬೇಡಿಕೊಳ್ಳೋಣ.”

ಕೋಣೆಯ ಮಾತನ್ನು ನುಂಗಿ ನೀರು ಕುಡಿದುಬಿಟ್ಟರು! ದರ್ಜಿಯಮ್ಮ ಎದ್ದು ನಿಂತು, “ಮೊಣಕಾಲಿಗಲ್ಲ ಸ್ವಾಮಿ, ಕೋಣೆಗೆ! ಕೋಣೆ ಬಿಡಿಸಬೇಡಿ ಅಂತ ಬರ್ದಿದ್ದೀನಿ!” ಎಂದು ಕೂಗಿದಳು. ಅಷ್ಟರಲ್ಲಿ ಭಜನೆಯ ತಾಳ ಶುರುವಾಗಿತ್ತು. ಪಕ್ಕದವಳು ಸೆರಗು ಹಿಡಿದೆಳೆದು ಕೂರಿಸಿದಳು.

ಅಕ್ಕನ ಕಣ್ಣಲ್ಲಿ ನೀರು. “ನೋಡಿದ್ಯೇನೆ, ಇಷ್ಟು ಜನ ನನಗೋಸ್ಕರ ಬೇಡ್ಕೊಂಡ್ರು!”

ದರ್ಜಿಯಮ್ಮನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಸೋಮವಾರ ಮೃದಂಗದವನೂ ಮಂದಿರದ ಬಡಗಿಯೂ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೇಲೆ ತಂದರು. ಇಬ್ಬರ ಮುಖವೂ ಗಂಟಿಕ್ಕಿತ್ತು. “ನಾಳೆ ಬೆಳಿಗ್ಗೆ ಯಾರು ಇಳಿಸ್ತೀರಪ್ಪಾ?” ಎಂದು ಅಕ್ಕ ಕೇಳಿದಳು. ದಿನಾ ಹೊತ್ತಿಳಿಸುವುದು ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಬಡಗಿ ಬೆವರು ಒರೆಸಿಕೊಂಡ. ಮೃದಂಗದವನು ಮೆಟ್ಟಿಲಿಳಿದು ಹೋದ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಮಂಗಳಾರತಿಯ ಗಂಟೆಯ ಸದ್ದು ಕೇಳಿಸಿತು. ಅಕ್ಕ ಮಂಚದ ಮೇಲೇ ಕೈ ಮುಗಿದಳು. ಅವಳನ್ನು ಬಿಟ್ಟು ಇಳಿಯಲು ದರ್ಜಿಯಮ್ಮನಿಗೆ ಮನಸ್ಸಾಗಲಿಲ್ಲ. ದೇವರ ಹೊಸ ಬಟ್ಟೆ ಅರ್ಧಕ್ಕೇ ನಿಂತು ಹೊಲಿಗೆ ಮಷೀನಿನಲ್ಲೇ ಸಿಕ್ಕಿಕೊಂಡಿತ್ತು.

“ಇವತ್ತು ದೇವರಿಗೆ ಯಾವ ಬಣ್ಣದ್ದು ಉಡಿಸಿದಾರೆ?” ಅಕ್ಕ ಕೇಳಿದಳು.

“ಹಸಿರು,” ಎಂದಳು ದರ್ಜಿಯಮ್ಮ, ಮಂದಿರದ ಹಿಂಗೋಡೆಯಷ್ಟೇ ಕಾಣುವ ಕಿಟಕಿಯಿಂದ ಇಣುಕುತ್ತಾ. “ಜರಿ ಅಂಚಿಂದು. ತುಂಬಾ ಚೆನ್ನಾಗಿ ಕಾಣ್ತಿದೆ.”

ಅಕ್ಕನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ನಾಳೆಗೆ ಇನ್ನೊಂದು ಬಣ್ಣ ಹುಡುಕಬೇಕಿತ್ತು.